ಗಾಡಿಯ ಮೈಗೆ ಅಂಟಿದ ಹುಳ, ದೂಳು: ಗೀರು ಬೀಳದಂತೆ ತೆಗೆಯುವುದು ಹೇಗೆ?

ಮಕ್ಕಳೇ, ಸೇಡಂನಿಂದ ಕೋಡ್ಲಾ ಕಡೆಗೆ ಓಡಾಡುವ ಕಾರು, ಜೀಪು, ಟಂಟಂಗಳನ್ನು ಒಮ್ಮೆ ಗಮನವಿಟ್ಟು ನೋಡಿ. ಬೇಸಿಗೆಯಲ್ಲಿ ಅವುಗಳ ಮೈಮೇಲೆಲ್ಲ ಬೂದು ದೂಳು ಕುಳಿತಿರುತ್ತದೆ. ಮೊದಲ ಮಳೆ ಬಿದ್ದ ರಾತ್ರಿ ಓಡಿದ ಗಾಡಿಯ ಮುಂಭಾಗದಲ್ಲಿ ನೂರಾರು ಹುಳಗಳು ಅಪ್ಪಳಿಸಿ ಅಂಟಿಕೊಂಡಿರುತ್ತವೆ. ಕೈಗೆ ಸಿಕ್ಕ ಬಟ್ಟೆಯಿಂದ ಒರೆಸಿಬಿಟ್ಟರಾಯಿತು ಎಂದು ನಿಮಗೆ ಅನ್ನಿಸಬಹುದು. ಆದರೆ ಹಾಗೆ ದಿನವೂ ಒಣಬಟ್ಟೆಯಿಂದ ಒರೆಸಿದ ಗಾಡಿಯನ್ನು ಬಿಸಿಲಿನಲ್ಲಿ ಓರೆಯಾಗಿ ನೋಡಿ. ಜೇಡರ ಬಲೆಯಂತೆ ಸಣ್ಣ ಸಣ್ಣ ಗೀರುಗಳು ಕಾಣುತ್ತವೆ. ಇವು ಹೇಗೆ ಬಂದವು? ಬಾರದಂತೆ ತಡೆಯುವುದು ಹೇಗೆ? ನೋಡೋಣ.

ಬಣ್ಣ ಬರೀ ಅಂದಕ್ಕಲ್ಲ

ಗಾಡಿಯ ಮೈ ಹೆಚ್ಚಾಗಿ ಉಕ್ಕಿನ ತಗಡಿನದು. ಉಕ್ಕಿಗೆ ಗಾಳಿ ಮತ್ತು ನೀರು ಎರಡೂ ತಾಗಿದರೆ ತುಕ್ಕು ಹಿಡಿಯುತ್ತದೆ. ಬಣ್ಣವು ನಮ್ಮ ಚರ್ಮದಂತೆ ತಗಡನ್ನು ಕಾಯುತ್ತದೆ. ಇಂದಿನ ಕಾರುಗಳಲ್ಲಿ ತಳದಲ್ಲಿ ಪ್ರೈಮರ್, ಅದರ ಮೇಲೆ ಬಣ್ಣ, ಎಲ್ಲಕ್ಕಿಂತ ಮೇಲೆ ಒಂದು ಪಾರದರ್ಶಕ ಪದರ ಇರುತ್ತವೆ. ಎಲ್ಲ ಸೇರಿದರೂ ದಪ್ಪ ಸುಮಾರು 100ರಿಂದ 150 ಮೈಕ್ರೋಮೀಟರ್ ಅಷ್ಟೆ. ಒಂದು ಮಿಲಿಮೀಟರಿನ ಸಾವಿರದ ಒಂದು ಭಾಗವೇ ಮೈಕ್ರೋಮೀಟರ್. ನಿಮ್ಮ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರೋಮೀಟರ್. ಅಂದರೆ ಎರಡು ಕೂದಲಿನಷ್ಟು ದಪ್ಪದ ಹೊದಿಕೆ ಇಡೀ ಗಾಡಿಯನ್ನು ತುಕ್ಕಿನಿಂದ ಕಾಯುತ್ತಿದೆ! ಗಾಡಿ ಓಡಿಸಿಯೇ ಬದುಕುವ ಮನೆಯವರಿಗೆ ಈ ಹೊದಿಕೆ ಉಳಿಯುವುದು ಮುಖ್ಯ. ತುಕ್ಕು ಹಿಡಿದ ಗಾಡಿಗೆ ರಿಪೇರಿ ಖರ್ಚು ಹೆಚ್ಚು, ಮಾರುವಾಗ ಬೆಲೆ ಕಡಿಮೆ.

ಎಲ್ಲ ದೂಳೂ ಒಂದೇ ಅಲ್ಲ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಸುತ್ತಲಿನ ನೆಲದಡಿ ಸುಣ್ಣಕಲ್ಲಿನ ದೊಡ್ಡ ನಿಕ್ಷೇಪವಿದೆ. ಮನೆಗಳ ನೆಲಕ್ಕೆ ಹಾಸುವ ಶಹಾಬಾದಿ ಕಲ್ಲೂ ಸುಣ್ಣಕಲ್ಲೇ. ಇದರಿಂದಾಗಿಯೇ ಇಲ್ಲಿ ಸಿಮೆಂಟ್ ಕಾರ್ಖಾನೆಗಳು ಬಂದವು. ವಾಡಿಯ ಕಾರ್ಖಾನೆ ಶುರುವಾದದ್ದು 1968ರಲ್ಲಿ. ಸೇಡಂ, ಮಳಖೇಡ, ಕೋಡ್ಲಾ ಬಳಿಯೂ ಕಾರ್ಖಾನೆಗಳಿವೆ. ಹೀಗಾಗಿ ಇಲ್ಲಿನ ಗಾಡಿಗಳ ಮೇಲೆ ಮೂರು ಬಗೆಯ ದೂಳು ಕೂರಬಹುದು.

ಒಂದು, ಸುಣ್ಣಕಲ್ಲಿನ ದೂಳು. ಎರಡು, ರಸ್ತೆಯ ಮಣ್ಣು, ಮರಳಿನ ದೂಳು. ಮೂರು, ಸಿಮೆಂಟಿನ ದೂಳು.

ಖನಿಜಗಳ ಗಡಸುತನವನ್ನು ಅಳೆಯಲು ಫ್ರೆಡ್ರಿಕ್ ಮೋಸ್ ಎಂಬ ವಿಜ್ಞಾನಿ 1812ರಲ್ಲಿ 1ರಿಂದ 10ರವರೆಗಿನ ಒಂದು ಮಾಪಕವನ್ನು ರೂಪಿಸಿದ. ಅದರಲ್ಲಿ ಸುಣ್ಣಕಲ್ಲಿನ ಮುಖ್ಯ ಖನಿಜವಾದ ಕ್ಯಾಲ್ಸೈಟ್‌ಗೆ 3ನೇ ಸ್ಥಾನ, ಮರಳಿನಲ್ಲಿರುವ ಬೆಣಚುಕಲ್ಲಿಗೆ 7ನೇ ಸ್ಥಾನ. ನಮ್ಮ ಉಗುರಿನ ಗಡಸುತನ ಸುಮಾರು 2.5. ಗಡಸು ವಸ್ತು ಮೆದು ವಸ್ತುವನ್ನು ಗೀರುತ್ತದೆ. ಒಣಬಟ್ಟೆಯಿಂದ ಒತ್ತಿ ಒರೆಸಿದಾಗ ಬಟ್ಟೆಗೂ ಬಣ್ಣಕ್ಕೂ ನಡುವೆ ಸಿಕ್ಕ ಮರಳಿನ ಕಣ ಉಳಿಯಂತೆ ಕೆಲಸ ಮಾಡುತ್ತದೆ. ಗೀರಿದ್ದು ಬಟ್ಟೆಯಲ್ಲ, ಮರಳು!

ಸಿಮೆಂಟಿನ ದೂಳಿನ ಗುಣವೇ ಬೇರೆ. ಸುಣ್ಣಕಲ್ಲು ಮತ್ತು ಜೇಡಿಯನ್ನು ಸುಮಾರು 1,450 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಟ್ಟು, ಜಿಪ್ಸಂ ಸೇರಿಸಿ ಅರೆದರೆ ಸಿಮೆಂಟ್ ಸಿಗುತ್ತದೆ. ಇದು ಒಣಗಿ ಗಟ್ಟಿಯಾಗುವುದಿಲ್ಲ, ನೀರಿನ ಜೊತೆ ರಾಸಾಯನಿಕ ಕ್ರಿಯೆ ನಡೆದು ಗಟ್ಟಿಯಾಗುತ್ತದೆ. ರಾತ್ರಿ ಬಿದ್ದ ಇಬ್ಬನಿಯೂ ಇದಕ್ಕೆ ಸಾಕು. ದೂಳು ಬಣ್ಣದ ಮೇಲೆ ಕಲ್ಲಿನ ಪೊರೆಯಂತೆ ಕಚ್ಚಿಕೊಳ್ಳುತ್ತದೆ. ಹಸಿ ಸಿಮೆಂಟ್ ಪ್ರಬಲ ಕ್ಷಾರವೂ ಹೌದು. ಅದು ಚರ್ಮವನ್ನು ಸುಡಬಲ್ಲದು. ಆದ್ದರಿಂದ ಸಿಮೆಂಟಿನ ದೂಳನ್ನು ಇಬ್ಬನಿ ತಾಗುವ ಮೊದಲೇ, ಅಂದಂದೇ ಹೆಚ್ಚು ನೀರಿನಿಂದ ತೊಳೆದುಬಿಡುವುದು ಒಳ್ಳೆಯದು.

ಹುಳಗಳು ಏಕೆ ಬರುತ್ತವೆ?

ರಾತ್ರಿ ಹುಳಗಳು ದೀಪದ ಬೆಳಕಿಗೆ ಬರುವುದು ನಿಮಗೆ ಗೊತ್ತು. ಹಗಲಿನಲ್ಲಿ? ಹಂಗೇರಿಯ ಗಾಬೋರ್ ಹೊರ್ವಾತ್ ಮತ್ತು ಸಂಗಡಿಗರು 2006ರಲ್ಲಿ ಒಂದು ಸ್ವಾರಸ್ಯದ ಸಂಗತಿಯನ್ನು ಪ್ರಕಟಿಸಿದರು. ನೀರಿನಲ್ಲಿ ಬಾಳುವ ಹಲವು ಕೀಟಗಳು ಕೆರೆಯನ್ನು ಗುರುತಿಸುವುದು ಅದರಿಂದ ಪ್ರತಿಫಲಿಸುವ ಧ್ರುವೀಕೃತ ಬೆಳಕಿನಿಂದ. ಹೊಳೆಯುವ ಕಪ್ಪು ಮತ್ತು ಕೆಂಪು ಕಾರುಗಳೂ ಅಂಥದ್ದೇ ಬೆಳಕನ್ನು ಪ್ರತಿಫಲಿಸುತ್ತವೆ. ಪಾಪ, ಕೀಟಗಳು ಕಾರನ್ನೇ ಕೆರೆ ಎಂದುಕೊಳ್ಳುತ್ತವೆ! ಏರೋಪ್ಲೇನ್ ಚಿಟ್ಟೆಗಳು ಕಾರಿನ ಮೇಲೆ ಮೊಟ್ಟೆ ಇಡುವುದೂ ಉಂಟು. ಆ ಮೊಟ್ಟೆಗಳು ಬಿಸಿಲಿಗೆ ಕಾದ ತಗಡಿನ ಮೇಲೆ ಗಟ್ಟಿಯಾಗುವಾಗ ಆಮ್ಲಗಳು ಹುಟ್ಟಿ ಪಾರದರ್ಶಕ ಪದರವನ್ನು ಕೆಡಿಸುತ್ತವೆ ಎಂದು ಬ್ರೆಜಿಲ್‌ನ ಸಂಶೋಧಕರು 2000ದಲ್ಲಿ ತೋರಿಸಿದರು.

ಸತ್ತ ಹುಳದ ಮೈಯ ರಸದಲ್ಲಿ ಪ್ರೋಟೀನುಗಳಿರುತ್ತವೆ. ಬಿಸಿಲಿಗೆ ಒಣಗಿದಾಗ ಅವು ಅಂಟಿನಂತೆ ಹಿಡಿದುಕೊಳ್ಳುತ್ತವೆ. ಹಿಟ್ಟು ಕಲಸಿದ ಪಾತ್ರೆ ಒಣಗಿದರೆ ಅಮ್ಮ ಏನು ಮಾಡುತ್ತಾರೆ? ಕೆರೆಯುವುದಿಲ್ಲ, ನೀರು ಹಾಕಿ ನೆನೆಯಲು ಬಿಡುತ್ತಾರೆ. ಹುಳಕ್ಕೂ ಅದೇ ಉಪಾಯ.

ಸರಿಯಾದ ಕ್ರಮ

ದೊಡ್ಡವರ ಜೊತೆ ಸೇರಿ ಹೀಗೆ ಮಾಡಿ.

1. ಗಾಡಿಯನ್ನು ನೆರಳಿನಲ್ಲಿ ನಿಲ್ಲಿಸಿ, ತಣ್ಣಗಾಗಲು ಬಿಡಿ. ಬಿಸಿ ತಗಡಿನ ಮೇಲೆ ನೀರು ಬೇಗ ಆರಿ, ಅದರಲ್ಲಿರುವ ಲವಣಗಳು ಬಿಳಿ ಕಲೆಗಳಾಗಿ ಉಳಿಯುತ್ತವೆ. ಸುಣ್ಣಕಲ್ಲಿನ ನೆಲದ ಬಾವಿ, ಬೋರ್‌ವೆಲ್ ನೀರು ಗಡಸಾಗಿದ್ದರೆ ಕಲೆ ಇನ್ನೂ ಹೆಚ್ಚು.

2. ಮೊದಲು ನೀರು, ಆಮೇಲೆ ಬಟ್ಟೆ. ಮೇಲಿನಿಂದ ಕೆಳಕ್ಕೆ ನೀರು ಹರಿಸಿ ಸಡಿಲ ದೂಳನ್ನು ಇಳಿಸಿ. ನೀರು ಹಾಕಿದರೆ ದೂಳು ಹಾರಿ ನಿಮ್ಮ ಮೂಗಿಗೂ ಹೋಗುವುದಿಲ್ಲ.

3. ಹುಳ ಅಂಟಿದ ಕಡೆ ಒದ್ದೆ ಬಟ್ಟೆಯನ್ನು ಹರಡಿ ಹತ್ತು ನಿಮಿಷ ಬಿಡಿ. ನೆನೆದ ಹುಳ ಮೆಲ್ಲಗೆ ಒರೆಸಿದರೆ ಬರುತ್ತದೆ. ಬಾರದಿದ್ದರೆ ಮತ್ತೆ ನೆನೆಸಿ. ಬ್ಲೇಡು, ತೆಂಗಿನ ನಾರು, ಪಾತ್ರೆ ತಿಕ್ಕುವ ಉಕ್ಕಿನ ಜುಂಗು ಬೇಡ.

4. ಎರಡು ಬಕೆಟ್ ಇಟ್ಟುಕೊಳ್ಳಿ. ಒಂದರಲ್ಲಿ ಗಾಡಿ ತೊಳೆಯುವ ಶಾಂಪೂ ಕಲಸಿದ ನೀರು, ಇನ್ನೊಂದರಲ್ಲಿ ಬರೀ ನೀರು. ಒರೆಸಿದ ಮೆತ್ತನೆಯ ಬಟ್ಟೆಯನ್ನು ಪ್ರತಿಸಲವೂ ಬರೀ ನೀರಿನಲ್ಲಿ ಜಾಲಿಸಿ, ಆಮೇಲೆ ಶಾಂಪೂ ನೀರಿಗೆ ಅದ್ದಿ. ಹೀಗೆ ಮರಳು ಮತ್ತೆ ಗಾಡಿಗೆ ಹತ್ತುವುದಿಲ್ಲ. ಶಾಂಪೂ ಅಣುವಿನ ಒಂದು ತುದಿ ನೀರನ್ನೂ ಇನ್ನೊಂದು ತುದಿ ಜಿಡ್ಡನ್ನೂ ಹಿಡಿಯುವುದರಿಂದ ಕೊಳೆ ನೀರಿನೊಡನೆ ಬಂದುಬಿಡುತ್ತದೆ.

5. ಚಕ್ರದ ಸುತ್ತಲಿನ ಭಾಗವನ್ನು ಕೊನೆಗೆ, ಬೇರೆ ಬಟ್ಟೆಯಿಂದ ತೊಳೆಯಿರಿ. ಮರಳು ಹೆಚ್ಚಾಗಿರುವುದು ಅಲ್ಲಿಯೇ.

6. ಒಳ್ಳೆಯ ನೀರು ಹಾಕಿ, ಸ್ವಚ್ಛವಾದ ಮೆತ್ತನೆಯ ಬಟ್ಟೆಯಿಂದ ಒತ್ತಿ ಒಣಗಿಸಿ.

ಎಚ್ಚರ!

ಗಟ್ಟಿಯಾದ ಸಿಮೆಂಟನ್ನು ಕರಗಿಸಲು ಕೆಲವರು ಶೌಚಾಲಯದ ಆಸಿಡ್ ಹಾಕುತ್ತಾರೆ. ಅದು ಬಣ್ಣವನ್ನೂ ತಗಡನ್ನೂ ತಿನ್ನುತ್ತದೆ. ಅದರ ಹೊಗೆ ಶ್ವಾಸಕೋಶಕ್ಕೆ ಅಪಾಯ. ನೀರು ಬೆರೆಸಿದ ವಿನೆಗರ್ ಸೌಮ್ಯ ಆಮ್ಲ. ದೊಡ್ಡವರು ಕೈಗವಸು ಹಾಕಿಕೊಂಡು, ಮೊದಲು ಕಾಣದ ಮೂಲೆಯಲ್ಲಿ ಪರೀಕ್ಷಿಸಿ ಅದನ್ನು ಬಳಸಬಹುದು. ಕೂಡಲೇ ನೀರಿನಿಂದ ತೊಳೆಯಬೇಕು. ಡಾಂಬರಿನ ಕಲೆ ತೆಗೆಯುವ ಸೀಮೆಎಣ್ಣೆ, ಪೆಟ್ರೋಲ್ ಬೇಗ ಹೊತ್ತಿಕೊಳ್ಳುವಂಥವು. ಅವನ್ನು ನೀವು ಮುಟ್ಟಲೇಬೇಡಿ. ಕಣ್ಣಿಗೆ ಸಿಮೆಂಟ್ ದೂಳು ಬಿದ್ದರೆ ಉಜ್ಜಬೇಡಿ. ಶುದ್ಧ ನೀರಿನಿಂದ ಬಹಳ ಹೊತ್ತು ತೊಳೆದು ವೈದ್ಯರ ಬಳಿಗೆ ಹೋಗಿ.

ಗಾಡಿಯನ್ನು ಕಾಗಿಣಾ ನದಿಗೋ ಹಳ್ಳಕ್ಕೋ ಇಳಿಸಿ ತೊಳೆಯುವುದೂ ಸರಿಯಲ್ಲ. ಎಣ್ಣೆ, ಜಿಡ್ಡು ನೀರು ಸೇರುತ್ತವೆ. ದನಕರುಗಳು ಕುಡಿಯುವುದು ಅದೇ ನೀರನ್ನು.

ಮಾಡಿ ನೋಡಿ

ಅ) ಹಳೆಯ ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿಯ ಮುಚ್ಚಳ ತೆಗೆದುಕೊಂಡು ನಡುವೆ ಗೆರೆ ಎಳೆಯಿರಿ. ಎರಡೂ ಕಡೆ ಒಂದೊಂದು ಚಿಟಿಕೆ ರಸ್ತೆಯ ದೂಳು ಹಾಕಿ. ಒಂದು ಕಡೆಯನ್ನು ಒಣಬಟ್ಟೆಯಿಂದ ಹತ್ತು ಸಲ ಒರೆಸಿ. ಇನ್ನೊಂದು ಕಡೆಯ ದೂಳನ್ನು ನೀರು ಸುರಿದು ಇಳಿಸಿ, ಅದೇ ಬಗೆಯ ಒದ್ದೆ ಬಟ್ಟೆಯಿಂದ ಹತ್ತು ಸಲ ಒರೆಸಿ. ಬೆಳಕಿಗೆ ಓರೆಯಾಗಿ ಹಿಡಿದು ಹೋಲಿಸಿ.

ಆ) ಶಹಾಬಾದಿ ಕಲ್ಲಿನ ಪುಡಿಯ ಮೇಲೆ ನಾಲ್ಕು ಹನಿ ನಿಂಬೆರಸ ಹಾಕಿ. ಸಣ್ಣ ಗುಳ್ಳೆಗಳು ಏಳುತ್ತವೆ. ಆಮ್ಲವು ಸುಣ್ಣಕಲ್ಲಿನೊಡನೆ ಸೇರಿದಾಗ ಹೊರಬರುವ ಇಂಗಾಲದ ಡೈಆಕ್ಸೈಡ್ ಅದು.

ಇ) ನಿಮ್ಮ ಮನೆಯ ನಲ್ಲಿಯಿಂದ ಒಂದು ಬಕೆಟ್ ತುಂಬಲು ಎಷ್ಟು ಹೊತ್ತು ಬೇಕು, ಅಳೆಯಿರಿ. 15 ಲೀಟರಿನ ಬಕೆಟ್ ಒಂದು ನಿಮಿಷದಲ್ಲಿ ತುಂಬಿದರೆ, ಪೈಪನ್ನು ಹತ್ತು ನಿಮಿಷ ಬಿಟ್ಟಾಗ ಹೋಗುವ ನೀರು 150 ಲೀಟರ್! ನಾಲ್ಕು ಬಕೆಟ್‌ನಲ್ಲಿ ತೊಳೆದರೆ ಎಷ್ಟು ಉಳಿಯುತ್ತದೆ? ಲೆಕ್ಕ ಹಾಕಿ ಮನೆಯವರಿಗೆ ತಿಳಿಸಿ.

ಯೋಚಿಸಿ

ಮೊದಲ ಪ್ರಯೋಗದಲ್ಲಿ ಎರಡೂ ಕಡೆ ಹತ್ತು ಸಲವೇ ಏಕೆ ಒರೆಸಬೇಕು? ಶಹಾಬಾದಿ ಕಲ್ಲಿನ ನೆಲದ ಮೇಲೆ ನಿಂಬೆಹುಳಿ ಚೆಲ್ಲಿದರೆ ಹೊಳಪು ಏಕೆ ಹೋಗುತ್ತದೆ? ಗೆಳೆಯರೊಡನೆ ಚರ್ಚಿಸಿ, ಉತ್ತರವನ್ನು ನಿಮ್ಮ ವಿಜ್ಞಾನ ಶಿಕ್ಷಕರಿಗೆ ತೋರಿಸಿ.