ದಾಂಪತ್ಯ ಮುರಿದಾಗ ಮನೆ ಯಾರದು?

ದಂಪತಿಗಳ ನಡುವೆ ಬಿರುಕು ಮೂಡಿದಾಗ ನಮ್ಮ ಕುಟುಂಬಗಳಲ್ಲಿ ಮೊದಲು ಹೊಸ್ತಿಲು ದಾಟಿ ಹೋಗುವವಳು ಸಾಮಾನ್ಯವಾಗಿ ಹೆಣ್ಣು. ಮನೆ ಗಂಡನ ಹೆಸರಿನಲ್ಲಿದೆಯೆಂದು ನಾವೂ ಸುಮ್ಮನಾಗುತ್ತೇವೆ. ಕಾನೂನು ಹಾಗೆನ್ನುವುದಿಲ್ಲ.

2005ರ ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆಯ 17ನೆಯ ಪ್ರಕರಣದಂತೆ, ಪತ್ರದಲ್ಲಿ ಹೆಸರಿಲ್ಲದಿದ್ದರೂ ಕೂಡಿ ಬಾಳಿದ ಮನೆಯಲ್ಲಿ ವಾಸಿಸುವ ಹಕ್ಕು ಪತ್ನಿಗುಂಟು. ಕಾನೂನಿನ ಕ್ರಮವಿಲ್ಲದೆ ಆಕೆಯನ್ನು ಹೊರಹಾಕುವಂತಿಲ್ಲ. ದೌರ್ಜನ್ಯ ನಡೆದಿದ್ದರೆ ಅದೇ ಮನೆಯಲ್ಲಿ ವಾಸಕ್ಕೆ, ಇಲ್ಲವೆ ಬೇರೊಂದು ಮನೆಗೆ ಅಥವಾ ಅದರ ಬಾಡಿಗೆಗೆ ಮ್ಯಾಜಿಸ್ಟ್ರೇಟರು ಆದೇಶಿಸಬಹುದು. ಸಂರಕ್ಷಣಾಧಿಕಾರಿಯ ಮೂಲಕವೂ ಅರ್ಜಿ ಸಲ್ಲಿಸಬಹುದು. ಅತ್ತೆ-ಮಾವಂದಿರ ಮನೆಯೂ ಈ ವ್ಯಾಪ್ತಿಗೆ ಬರಬಹುದೆಂದು ಸರ್ವೋಚ್ಚ ನ್ಯಾಯಾಲಯ 2020ರಲ್ಲಿ ತೀರ್ಪಿತ್ತಿತು. ಹಿರಿಯರ ನೆಮ್ಮದಿಯನ್ನೂ ಗಮನಿಸಬೇಕೆಂದಿತು. ಆದರೆ ಇದು ವಾಸದ ಹಕ್ಕೇ ಹೊರತು ಒಡೆತನವಲ್ಲ.

ಇನ್ನೊಂದು ಮಾತು. ಧರ್ಮಸಭೆಯ ನ್ಯಾಯಪೀಠವು ವಿವಾಹವನ್ನು ಅಸಿಂಧುವೆಂದು ಸಾರಿದರೂ, ಸರ್ವೋಚ್ಚ ನ್ಯಾಯಾಲಯದ 1996ರ ತೀರ್ಪಿನಂತೆ, ದೇಶದ ಕಾನೂನಿನಲ್ಲಿ ಆ ವಿವಾಹ ಉಳಿದೇ ಇರುತ್ತದೆ. ಆ ಪತ್ರವೊಂದನ್ನೇ ತೋರಿಸಿ ಆಕೆಯನ್ನು ಹೊರಗೆ ಕಳುಹಿಸಲಾಗದು.

ಮದುವೆಯ ದಿನ ಸಂಭ್ರಮದಿಂದ ಮನೆ ತುಂಬಿಸಿಕೊಂಡವಳನ್ನು ಬೀದಿಗೆ ಬಿಡದಿರುವುದು, ಕಾನೂನಿಗಿಂತ ಮೊದಲು ನಮ್ಮೆಲ್ಲರ ಹೊಣೆ.