ಪ್ರೇಕ್ಷಕರಿಲ್ಲದ ರಂಗಮಂದಿರ

ರೇಡಿಯೋದ ಮುಂದೆ ಕುಳಿತು ಕಚೇರಿ ಕೇಳುವ ನಮಗೆ ಒಂದು ಸಂಗತಿ ಸಾಮಾನ್ಯವಾಗಿ ಹೊಳೆಯುವುದಿಲ್ಲ. ನಿಲಯದೊಳಗೆ ಹಾಡುತ್ತಿರುವ ವಿದ್ವಾಂಸರ ಎದುರಿಗೆ ಶ್ರೋತೃವೆಂಬ ಪ್ರಾಣಿಯೇ ಇರುವುದಿಲ್ಲ. ಅಲ್ಲಿರುವುದು ಒಂದು ಧ್ವನಿಗ್ರಾಹಕ, ಗಾಜಿನಾಚೆ ಒಬ್ಬ ಅಧಿಕಾರಿ, ಒಂದು ಕೆಂಪು ದೀಪ. ಪಲ್ಲವಿ ಎಷ್ಟೇ ಸೊಗಸಾಗಿ ಕುದುರಿದರೂ 'ಭಲೆ' ಎನ್ನುವವರಿಲ್ಲ. ೧೯೫೪ರಲ್ಲಿ ಆಕಾಶವಾಣಿ ಸಂಗೀತ ಸಮ್ಮೇಳನವನ್ನು ಆರಂಭಿಸಿದಾಗ ಆಹ್ವಾನಿತರನ್ನು ಕರೆದು ಎದುರಿಗೆ ಕೂರಿಸಿದ್ದು ಈ ಕೊರತೆಯನ್ನು ತುಂಬಲೆಂದೇ ಇದ್ದೀತು.

೨೦೨೦ನೆಯ ಇಸವಿಯಲ್ಲಿ ಕೊರೋನಾ ಮಹಾಮಾರಿ ಬಂದಾಗ ಇದೇ ಕೊರತೆ ಲೋಕದ ರಂಗಮಂದಿರಗಳನ್ನೆಲ್ಲ ಒಟ್ಟಿಗೆ ಕಾಡಿತು. ಅವು ಹೇಗೆ ಬಾಳಿದವೆಂಬುದನ್ನು ತಿಳಿಯಲು ನಿಮ್ಮನ್ನು ನ್ಯೂಯಾರ್ಕ್ ನಗರದ ಮೆಟ್ರೊಪಾಲಿಟನ್ ಆಪೆರಾ ಮಂದಿರಕ್ಕೆ ಕರೆದೊಯ್ಯುತ್ತೇನೆ. ಆಪೆರಾ ಎಂದರೆ ಆದ್ಯಂತವಾಗಿ ಹಾಡಿನಲ್ಲಿಯೇ ನಡೆಯುವ ನಾಟಕ. ನಮ್ಮ ಕಂಪನಿ ನಾಟಕಗಳಲ್ಲಿ ಮಾತಿನ ನಡುವೆ ರಂಗಗೀತೆ ಬರುತ್ತಿತ್ತು. ಇಲ್ಲಿ ಬಹುಮಟ್ಟಿಗೆ ಮಾತೂ ಗೀತವೇ. ೧೮೮೩ರಲ್ಲಿ ತೆರೆದ ಈ ಸಂಸ್ಥೆಯ ಈಗಿನ ಮಂದಿರದಲ್ಲಿ ಸುಮಾರು ೩,೮೦೦ ಆಸನಗಳಿವೆ.

೧೯೧೮ರ ಇನ್‌ಫ್ಲುಯೆಂಜಾ ಕಾಲದಲ್ಲಿ ಆ ನಗರದ ನಾಟಕಶಾಲೆಗಳನ್ನು ಮುಚ್ಚಿಸಿರಲಿಲ್ಲ. ಪ್ರೇಕ್ಷಕರೆಲ್ಲ ಏಕಕಾಲಕ್ಕೆ ಬೀದಿಗಿಳಿದು ವಾಹನಗಳಲ್ಲಿ ಕಿಕ್ಕಿರಿಯದಿರಲೆಂದು ಒಂದೊಂದು ನಾಟಕಶಾಲೆಗೆ ಒಂದೊಂದು ವೇಳೆಯನ್ನು ಗೊತ್ತುಮಾಡಿದ್ದರು. ಮಹಾಯುದ್ಧ ನಿಂತ ದಿನವಾದ ನವೆಂಬರ್ ೧೧ರಂದೇ ಮೆಟ್ರೊಪಾಲಿಟನ್ ತನ್ನ ಆ ವರ್ಷದ ಕಲಾಪವನ್ನು ತೊಡಗಿಸಿತು. ಆದರೆ ೨೦೨೦ರ ಮಾರ್ಚ್ ೧೨ರಂದು ಬಾಗಿಲು ಮುಚ್ಚಲೇಬೇಕಾಯಿತು. ಗಾಯನವೆಂದರೆ ಉಸಿರನ್ನು ಬಲವಾಗಿ ಹೊರದೂಡುವ ಕೆಲಸ. ಈ ರೋಗವೋ ಉಸಿರಿನಲ್ಲಿಯೇ ಹರಡುವಂಥದು. ರಂಗದ ಮುಂದಿನ ತಗ್ಗಿನಲ್ಲಿ ಹತ್ತಾರು ವಾದಕರು ಮೊಣಕೈಗೆ ಮೊಣಕೈ ತಾಗುವಂತೆ ಕುಳಿತಿರುತ್ತಾರೆ. ಅವರನ್ನು ಆರಾರು ಅಡಿ ದೂರ ಕೂರಿಸಿದರೆ ಅರ್ಧ ವೃಂದಕ್ಕೂ ಎಡೆ ಸಾಲದು. ಆದ್ದರಿಂದ ಪ್ರೇಕ್ಷಕರನ್ನು ಮಾತ್ರ ದೂರವಿಟ್ಟು ಆಟ ನಡೆಸುವ ಉಪಾಯವೂ ಇಲ್ಲಿ ನಡೆಯದು. ಜರ್ಮನಿಯ ಬರ್ಲಿನ್ ಫಿಲ್‌ಹಾರ್ಮೊನಿಕ್ ವೃಂದ ಅದೇ ಮಾರ್ಚ್ ೧೨ರಂದು ಬರಿದಾದ ಸಭಾಂಗಣದಲ್ಲಿ ನುಡಿಸಿ, ಅದನ್ನು ಅಂತರ್ಜಾಲದಲ್ಲಿ ಬಿತ್ತರಿಸಿತು. ಆದರೆ ಆಮೇಲೆ ಅದಕ್ಕೂ ತಡೆ ಬಂತು.

ಇನ್ನು ಉಳಿದುದೇನು? ಹಗೇವಿನಲ್ಲಿದ್ದ ಹಳೆಯ ಧಾನ್ಯ. ೨೦೦೬ರಿಂದ ಮೆಟ್ರೊಪಾಲಿಟನ್ ತನ್ನ ಆಟಗಳನ್ನು ಚಲನಚಿತ್ರ ಮಂದಿರಗಳಿಗೆ ನೇರವಾಗಿ ಕಳುಹಿಸುತ್ತಿತ್ತು. ಅವುಗಳ ಮುದ್ರಿಕೆಗಳು ಬೇಕಾದಷ್ಟಿದ್ದವು. ಬಾಗಿಲು ಮುಚ್ಚಿದ ನಾಲ್ಕನೆಯ ದಿನ, ಮಾರ್ಚ್ ೧೬ರಂದು, 'ಕಾರ್ಮೆನ್' ಆಪೆರಾದ ಮುದ್ರಿಕೆಯಿಂದ ಆರಂಭಿಸಿ ರಾತ್ರಿಗೊಂದರಂತೆ ಅಂತರ್ಜಾಲದಲ್ಲಿ ಉಚಿತವಾಗಿ ತೋರಿಸಿದರು. ಟಿಕೆಟಿನ ಬೆಲೆಗೆ ಹೆದರಿ ಒಳಗೆ ಕಾಲಿಡದವರೂ ಮನೆಯಲ್ಲಿಯೇ ಕುಳಿತು ನೋಡಿದರು.

ಏಪ್ರಿಲ್ ೨೫ರಂದು ಮತ್ತೊಂದು ಪ್ರಯೋಗ ನಡೆಯಿತು. ನಲವತ್ತಕ್ಕೂ ಹೆಚ್ಚು ಮಂದಿ ಗಾಯಕ ಗಾಯಕಿಯರು ತಮ್ಮತಮ್ಮ ಮನೆಗಳಿಂದಲೇ ಫೋನು, ಕಂಪ್ಯೂಟರುಗಳ ಮುಂದೆ ನಿಂತು ಹಾಡಿದರು. ಒಬ್ಬೊಬ್ಬರ ಹಾಡೇನೋ ಸರಿ. ಮೇಳಗಾನವನ್ನು ಮಾಡುವ ಬಗೆ ಹೇಗೆಂದು ನೀವು ಕೇಳಬಹುದು. ಹತ್ತು ಮೀಟರ್ ದೂರದಲ್ಲಿ ಕುಳಿತ ಮೃದಂಗದ ನಾದ ನಮ್ಮ ಕಿವಿಗೆ ತಲಪಲು ಸೆಕೆಂಡಿನ ನೂರರಲ್ಲಿ ಮೂರು ಪಾಲು ಸಾಕು. ಅಂತರ್ಜಾಲದ ಮಾತುಕತೆಯಲ್ಲಿ ಆಗುವ ತಡ ಸಾಮಾನ್ಯವಾಗಿ ಅದಕ್ಕಿಂತ ಎಷ್ಟೋ ಹೆಚ್ಚು. ಒಬ್ಬನ ಸಮ ಇನ್ನೊಬ್ಬನಿಗೆ ತಡವಾಗಿ ಕೇಳುತ್ತದೆ, ಅವನು ಕಾಯುತ್ತಾನೆ, ಅವನು ಕಾದುದನ್ನು ಕೇಳಿ ಇವನೂ ನಿಧಾನಿಸುತ್ತಾನೆ, ಕೊನೆಗೆ ತಾಳವೇ ಕುಸಿಯುತ್ತದೆ. ಆದುದರಿಂದ ಪ್ರತಿಯೊಬ್ಬರೂ ಕಿವಿಯಲ್ಲಿ ಒಂದೇ ಮಾದರಿ ಮುದ್ರಿಕೆಯನ್ನು ಕೇಳುತ್ತ ಬೇರೆಬೇರೆಯಾಗಿ ಹಾಡಿ ಕಳುಹಿಸಬೇಕು. ಆಮೇಲೆ ಒಬ್ಬರು ಕುಳಿತು ಅವನ್ನೆಲ್ಲ ಹೊಲಿದು ಜೋಡಿಸಬೇಕು. ಮೇಳದಂತೆ ಕೇಳುವುದು ನಿಜ. ಆದರೆ ಅಲ್ಲಿ ಯಾರೂ ಯಾರನ್ನೂ ಕೇಳಿಸಿಕೊಂಡಿರುವುದಿಲ್ಲ.

ಜುಲೈ ತಿಂಗಳಿಂದ ಹಣ ಕೊಟ್ಟು ನೋಡುವ ಕಚೇರಿಗಳೂ ಆದವು. ಮೊದಲನೆಯದು ಜರ್ಮನಿಯ ಒಂದು ಹಳೆಯ ಮಠದ ಪುಸ್ತಕಾಲಯದಿಂದ. ಯೋನಾಸ್ ಕೌಫ್‌ಮನ್ ಅವರ ಗಾಯನ, ಪಕ್ಕದಲ್ಲಿ ಪಿಯಾನೋ ಒಂದೇ, ದರ ೨೦ ಡಾಲರ್. ಇದು ಆಪೆರಾ ಅಲ್ಲ, ಗಾಯನ ಮಾತ್ರ. ವೇಷವಿಲ್ಲ, ಮೇಳವಿಲ್ಲ, ವೃಂದವಿಲ್ಲ.

ನನಗೆ ತೊಡಕಾಗಿ ತೋರುವುದು ಇಲ್ಲಿಯೇ. ಹಳೆಯ ಆಟಗಳನ್ನು ಲೋಕವೆಲ್ಲ ಉಚಿತವಾಗಿ ನೋಡಿ ಹೊಗಳುತ್ತಿದ್ದಾಗ, ಆ ಆಟಗಳಲ್ಲಿ ನುಡಿಸಿದ್ದ ವಾದಕರಿಗೂ ಮೇಳದವರಿಗೂ ರಂಗದ ಕೆಲಸಗಾರರಿಗೂ ೨೦೨೦ರ ಏಪ್ರಿಲ್‌ನಿಂದ ಸಂಬಳವಿರಲಿಲ್ಲ. ಆರೋಗ್ಯ ವಿಮೆಯನ್ನು ಮಾತ್ರ ಉಳಿಸಿದ್ದರು. ಬಾಡಿಗೆ ತೆರಲಾರದೆ ಊರು ಬಿಟ್ಟವರಿದ್ದಾರೆ. ಸೆಪ್ಟೆಂಬರಿನಲ್ಲಿ ಮುಂದಿನ ವರ್ಷದ ಕಾರ್ಯಕ್ರಮವನ್ನೆಲ್ಲ ರದ್ದುಮಾಡಿದಾಗ ಸಂಸ್ಥೆ ಹೇಳಿದ ನಷ್ಟ ೧೫ ಕೋಟಿ ಡಾಲರಿಗೂ ಮೇಲು. ಆಡಳಿತದವರ ಕಷ್ಟವೂ ಸುಳ್ಳಲ್ಲ. ಆದರೂ ವೃಂದದವರಿಗೆ ಭಾಗಶಃ ವೇತನ ದೊರೆತದ್ದು ೨೦೨೧ರ ಮಾರ್ಚಿನಲ್ಲಿ, ಅದೂ ಹೊಸ ಕರಾರಿನ ಮಾತುಕತೆಗೆ ಒಪ್ಪಿ ಕುಳಿತ ಮೇಲೆ. ನಮ್ಮ ಕರಾವಳಿಯ ಯಕ್ಷಗಾನ ಮೇಳಗಳ ಪಾಡು ನಿಮಗೆ ನೆನಪಿರಬಹುದು. ಪತ್ತನಾಜೆಗೆ ಬಿಚ್ಚಬೇಕಾದ ಗೆಜ್ಜೆಯನ್ನು ಅವು ಆ ವರ್ಷ ಮಾರ್ಚಿನಲ್ಲಿಯೇ ಬಿಚ್ಚಿದವು.

ಭರತಮುನಿ ನಾಟ್ಯಶಾಸ್ತ್ರದಲ್ಲಿ ಸಿದ್ಧಿಯ ಲಕ್ಷಣವನ್ನು ಹೇಳುವಾಗ ನಟರನ್ನು ಮಾತ್ರ ನೋಡುವುದಿಲ್ಲ. ಪ್ರೇಕ್ಷಕರ ಮುಗುಳ್ನಗೆ, ಸಾಧು ಎಂಬ ಉದ್ಗಾರ, ರೋಮಾಂಚ, ಇವುಗಳಿಂದಲೇ ಆಟ ಗೆದ್ದಿತೋ ಇಲ್ಲವೋ ಎಂದು ಅಳೆಯುತ್ತಾನೆ. ಇದನ್ನು ಮೂವತ್ತು ವರ್ಷ ತರಗತಿಯಲ್ಲಿ ಹೇಳಿದ್ದೆ. ಅರ್ಥವಾದದ್ದು ಆ ವರ್ಷ. ಫೋನನ್ನು ಪುಸ್ತಕಗಳ ರಾಶಿಗೆ ಒರಗಿಸಿಟ್ಟು ಗದುಗಿನ ಭಾರತವನ್ನು ಪಾಠ ಹೇಳುತ್ತಿದ್ದೆ. ಎದುರಿಗೆ ಮಕ್ಕಳ ಮುಖವಿರಲಿಲ್ಲ, ಹೆಸರುಗಳಷ್ಟೇ. ದ್ರೌಪದಿಯ ಮೊರೆಯನ್ನು ಓದಿ ನಿಲ್ಲಿಸಿದರೆ ಅತ್ತ ಯಾರ ಮನೆಯಲ್ಲಿಯೋ ಕುಕ್ಕರ್ ಕೂಗಿತು. ಪಾಠ ಮುಗಿಯಿತು, ಮುಟ್ಟಿತೇ ಎಂಬುದು ಇಂದಿಗೂ ತಿಳಿಯದು.

ಮೆಟ್ರೊಪಾಲಿಟನ್ ಮತ್ತೆ ಎದ್ದದ್ದು ಹೆಜ್ಜೆಹೆಜ್ಜೆಯಾಗಿ. ೨೦೨೧ರ ಸೆಪ್ಟೆಂಬರ್ ೪ ಮತ್ತು ೫ರಂದು ಬಯಲಿನಲ್ಲಿ ಉಚಿತ ಕಚೇರಿ. ೧೧ರಂದು, ಅವಳಿ ಗೋಪುರಗಳು ಉರುಳಿ ಇಪ್ಪತ್ತು ವರ್ಷವಾದ ದಿನ, ಮಂದಿರದೊಳಗೆ ವೆರ್ಡಿಯ 'ರೆಕ್ವಿಯೆಮ್'. ೨೭ರಂದು ಟೆರೆನ್ಸ್ ಬ್ಲಾಂಚರ್ಡ್ ಅವರ ಆಪೆರಾ. ಕರಿಯ ವಾಗ್ಗೇಯಕಾರರೊಬ್ಬರ ಕೃತಿ ಆ ರಂಗಕ್ಕೆ ಬಂದದ್ದು ಅದೇ ಮೊದಲು. ಒಳಗೆ ಬರುವವರೆಲ್ಲ ಲಸಿಕೆ ಹಾಕಿಸಿಕೊಂಡಿರಬೇಕು, ಮುಖಕ್ಕೆ ಮುಸುಕಿರಬೇಕು. ಲಸಿಕೆ ಇನ್ನೂ ಬಾರದಿದ್ದ ೧೨ ವರ್ಷದೊಳಗಿನ ಮಕ್ಕಳಿಗೆ ಪ್ರವೇಶವಿರಲಿಲ್ಲ. ಬಾಗಿಲು ತೆರೆದರೂ ಹಳಬರೆಲ್ಲ ಮರಳಲಿಲ್ಲ. ಮುಂದಿನ ವರ್ಷದ ಕೊನೆಗೆ ಸಂಸ್ಥೆ ತನ್ನ ಮೂಲಧನಕ್ಕೇ ಕೈಹಾಕಬೇಕಾಯಿತು.

ರೇಡಿಯೋ ಇಟ್ಟುಕೊಂಡವರಿಗೆ ಒಂದು ಮಾತು ಉಳಿಯಿತು. ೧೯೩೧ರ ಕ್ರಿಸ್‌ಮಸ್ ದಿನ ಆರಂಭವಾಗಿ ಬೆಳೆದುಬಂದ ಈ ಮಂದಿರದ ಶನಿವಾರದ ಬಾನುಲಿ ಪ್ರಸಾರ ಮಹಾಮಾರಿಯ ವರ್ಷದಲ್ಲಿಯೂ ನಿಲ್ಲಲಿಲ್ಲ. ನೇರ ಆಟದ ಬದಲು ಭಂಡಾರದ ಹಳೆಯ ಆಟಗಳನ್ನು ಕೇಳಿಸಿದರು. ಅಂತರ್ಜಾಲವುಳ್ಳವರು ಇಲ್ಲಿಂದಲೂ ಕೇಳಬಹುದು. ಅಲ್ಲಿ ಚಳಿಗಾಲದ ಶನಿವಾರ ಮಧ್ಯಾಹ್ನ ಒಂದು ಗಂಟೆಯಾದರೆ ನಮ್ಮಲ್ಲಿ ರಾತ್ರಿ ೧೧-೩೦. ಮನೆಯವರ ನಿದ್ದೆ ಕೆಡದಂತೆ ಸಣ್ಣಗೆ ಹಾಕಿಕೊಳ್ಳಿ.