ಕಾವಲಿನ ಹುಲ್ಲು ಊರೊಳಗೆ ಮರಳೀತೇ?

ಪ್ರಶ್ನೆ: ತಿಪಟೂರಿನಂಥ ಪಟ್ಟಣದ ಹಸಿರು ಜಾಗದಲ್ಲಿ ಸ್ವಯಂಸೇವಕರು ಸಸಿ ನೆಡುವ ಬದಲು ನಾಡಹುಲ್ಲು ಬೆಳೆಸುವುದರಲ್ಲಿ ಅರ್ಥವಿದೆಯೇ?

ಉತ್ತರ: ಅರ್ಥವಿದೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆ ಇಂದು ತೆಂಗಿಗೆ ಹೆಸರಾಗಿದ್ದರೂ, ತೋಟಗಳಾಚೆಯ ದಿಣ್ಣೆಗಳಲ್ಲಿ ‘ಕಾವಲು’ಗಳು, ಅಂದರೆ ಅರಮನೆಯ ದನಗಳಿಗೆ ಮೀಸಲಾದ ಹುಲ್ಲುಗಾವಲುಗಳು, ಹರಡಿದ್ದವು. ಆ ದನಗಳನ್ನು ನೋಡಿಕೊಳ್ಳುತ್ತಿದ್ದ, ಚಿಕ್ಕದೇವರಾಜ ಒಡೆಯರ (1673–1704) ಕಾಲದ ‘ಬೆಣ್ಣೆ ಚಾವಡಿ’ ಇಲಾಖೆಯೇ ಟಿಪ್ಪುವಿನ ಕಾಲಕ್ಕೆ ‘ಅಮೃತಮಹಲ್’ ಎನಿಸಿತು. ಇಂಥ ಬಯಲು ಹಾಳುಬಿದ್ದ ಕಾಡಲ್ಲ. ಅದು ತನ್ನದೇ ಸಸ್ಯ, ಹಕ್ಕಿ, ಕೀಟಗಳುಳ್ಳ ಜೀವಿಪರಿಸರವಾದ್ದರಿಂದ, ಅಲ್ಲಿ ಮರಗಳನ್ನು ಒತ್ತೊತ್ತಾಗಿ ನೆಟ್ಟರೆ ಬಿಸಿಲು ಬೇಡುವ ಹುಲ್ಲು ನೆರಳಿನಲ್ಲಿ ಸೊರಗುತ್ತದೆ.

ಪುನಶ್ಚೇತನದ ಮೊದಲ ಕೆಲಸ ಕೀಳುವುದು: ಲಂಟಾನ, ಬಳ್ಳಾರಿ ಜಾಲಿಗಳನ್ನು ಬೇರುಸಹಿತ ತೆಗೆದು, ಕಾಂಗ್ರೆಸ್ ಗಿಡವನ್ನು ಹೂ ಬಿಡುವ ಮುನ್ನವೇ ಕೈಗವಸು ತೊಟ್ಟು ಕಿತ್ತುಹಾಕಬೇಕು. ಬಳಿಕ ಸುತ್ತಲಿನ ಬಯಲು, ಬದುಗಳಲ್ಲಿ ಮಾಗಿದ ಹುಲ್ಲಿನ ಬೀಜವನ್ನು ಅನುಮತಿ ಪಡೆದು ಆಯ್ದಿಟ್ಟು, ಮುಂಗಾರಿನ ಹೊತ್ತಿಗೆ ಚೆಲ್ಲಬೇಕು. ನಡೆಯುವವರ ಬಟ್ಟೆಗೆ ಚುಚ್ಚಿಕೊಳ್ಳುವ ಈಟಿಹುಲ್ಲಿನ ಬೀಜಕ್ಕೆ ‘ಶೂಕ’ವೆಂಬ ಉದ್ದನೆಯ ಬಾಲವಿದ್ದು, ಅದು ತೇವ ತಗುಲಿದಾಗ ಬಿಚ್ಚಿಕೊಳ್ಳುತ್ತ, ಒಣಗಿದಾಗ ಹುರಿಗೊಳ್ಳುತ್ತ ಬೀಜವನ್ನು ತಿರುಪಿನಂತೆ ಮಣ್ಣಿಗಿಳಿಸುತ್ತದೆ. ಬಿತ್ತುವ ಕೆಲಸವನ್ನು ಹುಲ್ಲು ಹೀಗೆ ತಾನೇ ಬಲ್ಲದಾದ್ದರಿಂದ, ಸ್ವಯಂಸೇವಕರ ಪಾಲಿಗೆ ಮುಖ್ಯವಾಗಿ ಉಳಿಯುವುದು ಕೆಲವು ವರ್ಷ ಕಳೆ ಮರಳದಂತೆ ಕಾಯುವ ಕೆಲಸ. ‘ಕಾವಲು’ ಎಂಬ ಮಾತಿನ ಮೂಲ ಅರ್ಥವೂ ಅದೇ.